ಸೆಮಿಫೈನಲಿಗೆ ಪಣಕ್ಕಿಟ್ಟ ಕಾರಿನ ಕೀ

ನಳಿನಾಕ್ಷಿಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿ ಎಂಟು ತಿಂಗಳಾಗಿತ್ತು. ಈ ಎಂಟು ತಿಂಗಳಲ್ಲಿ ಅವಳು ಮನೆಯ ಕಾರನ್ನು ಓಡಿಸಿದ್ದು ಒಟ್ಟು ಒಂದು ಸಲ. ಅದೂ ಹಿಮ್ಮುಖವಾಗಿ, ಹನ್ನೆರಡು ಅಡಿ. ಪಕ್ಕದಲ್ಲಿ ಕೂತಿದ್ದ ಗಂಡ ನೋಣಯ ಅಷ್ಟು ದೂರದಲ್ಲೇ ತನ್ನ ಕಾಲಡಿ ಇಲ್ಲದ ಬ್ರೇಕನ್ನು ಏಳು ಸಲ ತುಳಿದು, ಎರಡು ದಿನ ಮೊಣಕಾಲಿಗೆ ಮುಲಾಮು ಹಚ್ಚಿಕೊಂಡಿದ್ದ.

ಹಾಗೆಂದು ನೋಣಯ ಕೆಟ್ಟ ಗಂಡನೇನಲ್ಲ. ಬೆಳ್ತಂಗಡಿ ಕಡೆಯ ಹಳ್ಳಿಯಿಂದ ಬಂದು ಸೌದಿಯ ಅಲ್ ಖಫ್ಜಿಯ ತೈಲ ಕಂಪೆನಿಯೊಂದರಲ್ಲಿ ಟೆಕ್ನಿಷಿಯನ್ ಆಗಿದ್ದ. ಪೈಪುಗಳ ಒತ್ತಡ ಅಳೆಯುವ ಮೀಟರುಗಳನ್ನು ಸರಿಪಡಿಸುವುದು ಅವನ ಕೆಲಸ. ಮನೆಯ ಒತ್ತಡ ಅಳೆಯುವ ಮೀಟರು ಮಾತ್ರ ಅವನ ಬಳಿ ಇರಲಿಲ್ಲ. ಅವನ ಕ್ವಾರ್ಟರ್ಸಿನ ಬಾಗಿಲಿಗೇ ಕಂಪೆನಿಯ ಹವಾನಿಯಂತ್ರಿತ ಬಸ್ಸು ಬರುತ್ತಿತ್ತು. ಆದರೂ ಅವನು ಕಾರಿನಲ್ಲೇ ಹೋಗುತ್ತಿದ್ದ. ಊರಿನ ಮತ್ತೊಂದು ತುದಿಯ ಕ್ಲಿನಿಕ್ಕಿನಲ್ಲಿ ಲ್ಯಾಬ್ ಕೆಲಸ ಮಾಡುವ ನಳಿನಾಕ್ಷಿ ಮಾತ್ರ ಎಂಟು ಗಂಟೆಯ ಡ್ಯೂಟಿಗೆ ಆರಕ್ಕೇ ಹೊರಟು, ಹನ್ನೊಂದು ಮನೆಗಳ ಮುಂದೆ ಹಾರ್ನ್ ಹಾಕುತ್ತ ಸಾಗುವ ವ್ಯಾನಿನಲ್ಲಿ ಕುಲುಕಾಡಬೇಕಿತ್ತು.

"ಕೀ ಯಾವಾಗ ಕೊಡ್ತೀರಿ?" ಎಂದು ಅವಳು ಕೇಳಿದರೆ ಉತ್ತರ ಸಿದ್ಧವಿರುತ್ತಿತ್ತು. ಮೊದಲು ಬೇಸಿಗೆ ಕಳೆಯಲಿ ಎಂದ. ಆಮೇಲೆ ಟಯರು ಬದಲಾಗಲಿ ಎಂದ. ಈಗ, "ಪ್ಲೇಆಫ್ ಮುಗೀಲಿ ಮಾರಾಯ್ತಿ."

ಪ್ಲೇಆಫ್ ಎಂದರೆ ಬೇಸ್‌ಬಾಲ್ ಪ್ಲೇಆಫ್. ಜಪಾನಿ ಎಂಜಿನಿಯರುಗಳು ಎಂದೋ ಹಾಕಿಕೊಟ್ಟು ಹೋದ ಪದ್ಧತಿ: ಚಳಿಗಾಲ ಬಂತೆಂದರೆ ಆ ಕಂಪೆನಿಯಲ್ಲಿ ವಿಭಾಗ ವಿಭಾಗಗಳ ನಡುವೆ ಬೇಸ್‌ಬಾಲ್ ಲೀಗು, ಕೊನೆಗೆ ಮೇಲಿನ ನಾಲ್ಕು ತಂಡಗಳ ಸೆಮಿಫೈನಲ್, ಫೈನಲ್. ನೋಣಯ ಮೆಂಟೆನೆನ್ಸ್ ತಂಡದ ಪರಮಭಕ್ತ, ಅಧಿಕೃತ ಸ್ಕೋರರ್ ಮತ್ತು ಸ್ವಯಂಘೋಷಿತ ಪಂಡಿತ. (ಬೇಸ್‌ಬಾಲಿನ ಬ್ಯಾಟನ್ನು ಅವನು ಮುಟ್ಟಿದ್ದು ಕಾರಿನ ಡಿಕ್ಕಿಯಿಂದ ಇಳಿಸುವಾಗ ಮಾತ್ರ.) ಇನ್ನೊಬ್ಬ ಭಕ್ತ ಉಪ್ಪಿನಂಗಡಿಯ ಮಹಮ್ಮದ್ ಕುಂಞಿ, ಸ್ಟೋರ್‌ಕೀಪರ್. ಇಬ್ಬರೂ ಪ್ರತಿ ಸಂಜೆ ನೋಣಯನ ಹಜಾರದಲ್ಲಿ ಕೂತು ತಂಡದ ಭವಿಷ್ಯವನ್ನು ಕೂಲಂಕಷವಾಗಿ ಪರಾಮರ್ಶಿಸುತ್ತಿದ್ದರು. ನೋಣಯ ಆಶಾವಾದಿ. ಕುಂಞಿ ತನ್ನ ತಂಡ ಸೋಲುವುದನ್ನು ಮುಂಚಿತವಾಗಿ ಅನುಭವಿಸಿ ಮುಗಿಸುವ ಜಾತಿಯ ಭಕ್ತ.

"ಲೀಗಿನಲ್ಲಿ ನಮ್ಮ ಸ್ಥಾನ ಎಷ್ಟು? ಒಂದು. ಸೆಮಿಫೈನಲಿನಲ್ಲಿ ಎದುರು ಬರುವ ಡ್ರಿಲ್ಲಿಂಗಿನವರದ್ದು? ನಾಲ್ಕು. ಇನ್ನು ಎಂತ ಬೇಕು ನಿಂಗೆ?"

"ಹೋದ ವರ್ಷವೂ ಒಂದೇ ಇದ್ದದ್ದು. ಸೆಮಿಫೈನಲ್ ಬಂದ ಕೂಡ್ಲೇ ನಮ್ಮವರಿಗೆ ಎಂತದೋ ಆಗ್ತದೆ ಮಾರಾಯ. ಮದುವೆಗೆ ಹೋಗಿ ಊಟದ ಹೊತ್ತಿಗೆ ನಿದ್ದೆ ಮಾಡಿದ ಹಾಗೆ."

"ಈ ಸಲ ರೊಡೆಲ್ ಉಂಟು." ರೊಡೆಲ್ ತಂಡದ ಫಿಲಿಪ್ಪೀನಿ ನಾಯಕ.

"ರೊಡೆಲ್ ಉಂಟು, ಅವನ ಭುಜ ಉಂಟಾ? ಮೊನ್ನೆ ಸ್ಟೋರಿಗೆ ಬಂದವ ಬಲಗೈ ಎತ್ಲಿಕ್ಕೆ ಆಗದೆ ಎಡಗೈಯಲ್ಲಿ ಸಹಿ ಹಾಕಿದ."

"ಅವ ಎಡಗೈಯವನೇ."

"ಓ. ಹಾಗಾದ್ರೆ ತೊಂದರೆ ಇಲ್ಲ." (ಇಡೀ ಋತುವಿನಲ್ಲಿ ಕುಂಞಿ ಒಪ್ಪಿಕೊಂಡದ್ದು ಇದೊಂದೇ.)

ಗೋಳಿಬಜೆಯ ತಟ್ಟೆ ತಂದಿಟ್ಟ ನಳಿನಾಕ್ಷಿ, "ಡ್ರಿಲ್ಲಿಂಗಿನವರಲ್ಲಿ ಮೂರನೆಯದಾಗಿ ಬ್ಯಾಟು ಹಿಡಿಯುವವ ಯಾವಾಗಲೂ ಎಡಕ್ಕೇ ಹೊಡೆಯುವುದಲ್ವಾ? ನಿಮ್ಮ ಎಡಬದಿಯ ಫೀಲ್ಡರು ರಜೆಗೆ ಹೋದ ಅಂತ ನೀವೇ ಹೇಳಿದ್ದು. ಅಲ್ಲಿ ಯಾರು?" ಎಂದಳು.

ಪಂಡಿತರಿಬ್ಬರೂ ಇದನ್ನು ಯೋಚಿಸಿರಲಿಲ್ಲ. ಮೂರು ತಿಂಗಳು ಬಜೆ ಕರಿಯುತ್ತ ಒಳಗಿನಿಂದ ಕೇಳಿಸಿಕೊಂಡ ಉಪನ್ಯಾಸಗಳು ಹೀಗೆ ಫಲ ಕೊಡಬಹುದೆಂದೂ ಎಣಿಸಿರಲಿಲ್ಲ.

"ಇದು ಕ್ರಿಕೆಟ್ ಅಲ್ಲ ನಳಿನಿ," ಎಂದ ನೋಣಯ ಗಂಭೀರವಾಗಿ. "ಚೆಂಡು ಹೊಡೆದ ಕೂಡ್ಲೇ ಬ್ಯಾಟು ಬಿಸಾಡಬೇಕು. ಓಡಿಹೋಗಿ ಮೊದಲನೇ ಬೇಸನ್ನು ಕಾಲಲ್ಲಿ ಮೆಟ್ಟಬೇಕು. ಆಮೇಲೆ ಎರಡು, ಮೂರು. ಸುತ್ತು ಹಾಕಿ ಹೊರಟಲ್ಲಿಗೇ ಬಂದ್ರೆ ಒಂದು ರನ್ನು. ದೊಡ್ಡ ಶಾಸ್ತ್ರ ಇದು."

"ಆಯ್ತು, ನಿಮ್ಮ ಶಾಸ್ತ್ರ ಮುಗಿದ ಮೇಲೆ ಕೀ?"

ಆಗ ನೋಣಯನಿಗೆ ಆ ದಿವ್ಯ ಉಪಾಯ ಹೊಳೆಯಿತು. "ಒಂದು ಕರಾರು. ಶುಕ್ರವಾರದ ಸೆಮಿಫೈನಲಿನಲ್ಲಿ ನಮ್ಮ ತಂಡ ಸೋತರೆ ಕೀ ನಿನ್ನ ಕೈಗೆ. ನಾನು ಬಸ್ಸಿನಲ್ಲಿ ಹೋಗ್ತೇನೆ. ಗೆದ್ದರೆ ಇನ್ನೊಂದು ವರ್ಷ ನೀನು ಆ ಮಾತೆತ್ತಬಾರದು. ಕುಂಞಿ ಸಾಕ್ಷಿ."

ನಳಿನಾಕ್ಷಿ ಸೆರಗಿಗೆ ಕೈ ಒರೆಸಿಕೊಂಡು "ಆಯ್ತು" ಎಂದಳು. ಅಷ್ಟು ಬೇಗ ಒಪ್ಪಿದ್ದು ನೋಣಯನಿಗೆ ಸರಿ ಕಾಣಲಿಲ್ಲ.

"ಕೀ ಹೋಯ್ತು ಅಂತ್ಲೇ ಇಟ್ಟುಕೋ," ಎಂದ ಕುಂಞಿ, ಇನ್ನೊಂದು ಬಜೆ ತೆಗೆದುಕೊಳ್ಳುತ್ತ.

ಶುಕ್ರವಾರ ಬೆಳಗ್ಗೆ ಏಳೂವರೆಗೆ ಆಟ. ಜುಮಾ ನಮಾಜಿಗೆ ಮೊದಲು ಮುಗಿಯಬೇಕಾದ್ದರಿಂದ ಏಳೇ ಇನಿಂಗ್ಸು. ನಳಿನಾಕ್ಷಿಯೂ ಬಂದಿದ್ದಳು. ತನ್ನ ಕೀಯ ಭವಿಷ್ಯ ತಾನೇ ನೋಡುತ್ತೇನೆಂದು ಮಡಿಚುವ ಕುರ್ಚಿ ಹಾಕಿ ಕೂತಳು. ಕುಂಞಿ ಪಕ್ಕದಲ್ಲಿ ಕೂತು ತಂಡ ಸೋಲಲು ಇರುವ ಕಾರಣಗಳನ್ನು ಬೆರಳಲ್ಲಿ ಎಣಿಸತೊಡಗಿದ. ಹತ್ತು ಬೆರಳು ಸಾಲದೆ ಚಪ್ಪಲಿ ಕಳಚಿದ.

ಆಟ ಶುರುವಾಗಲು ಕಾಲು ಗಂಟೆ ಇರುವಾಗ ಪ್ಲಾಂಟಿನಿಂದ ಫೋನು ಬಂತು. ಯಾವುದೋ ಪಂಪು ನಿಂತುಹೋಗಿ ಮೆಂಟೆನೆನ್ಸಿನ ಒಬ್ಬ ಆಟಗಾರ ಕೂಡಲೇ ಡ್ಯೂಟಿಗೆ ಓಡಬೇಕಾಯಿತು. ಉಳಿದವರು ಎಂಟು ಜನ. ಒಂಬತ್ತು ಮಂದಿ ಇಲ್ಲದಿದ್ದರೆ ಆಡದೆಯೇ ಸೋಲು. ರೊಡೆಲ್ ತಂಡದ ನೋಂದಣಿ ಪಟ್ಟಿಯ ಮೇಲೆ ಬೆರಳಾಡಿಸಿದ. ಋತುವಿನ ಆರಂಭದಲ್ಲಿ ಲೆಕ್ಕ ಭರ್ತಿಗೆಂದು ಕೊನೆಯಲ್ಲಿ ಒಂದು ಹೆಸರು ಬರೆದಿತ್ತು. ಬರೆದವನೂ ನೋಣಯ, ಹೆಸರೂ ನೋಣಯ.

"ಬ್ರದರ್, ಯಲ್ಲಾ," ಎಂದು ರೊಡೆಲ್ ಹೊರಡೆನ್ನುವಂತೆ ಟೋಪಿ ಚಾಚಿದ.

"ಸ್ಕೋರು ಬರೆಯುವವರು ಯಾರು ಮತ್ತೆ?" ಎಂದು ನೋಣಯ ಕೊನೆಯ ಆಸರೆ ಹಿಡಿದ.

"ಇತ್ಲಾಗಿ ಕೊಡಿ," ಎಂದು ನಳಿನಾಕ್ಷಿ ಪುಸ್ತಕವನ್ನೂ ಪೆನ್ನನ್ನೂ ತೆಗೆದುಕೊಂಡಳು.

ಮೈದಾನದಲ್ಲಿ ಅವನನ್ನು ಚೆಂಡು ಬರುವ ಸಾಧ್ಯತೆ ಅತಿ ಕಡಿಮೆ ಇರುವ ಮೂಲೆಯಲ್ಲಿ ನಿಲ್ಲಿಸಿದರು. ಬಂದ ಒಂದು ಚೆಂಡನ್ನು ಅವನು ಎದೆಯಿಂದ ತಡೆದ. ಬ್ಯಾಟಿಂಗ್ ಸರದಿ ಎರಡು ಸಲ ಬಂದು, ಎರಡು ಸಲವೂ ಚೆಂಡು ಯಾವ ಕಡೆಯಿಂದ ಹೋಯಿತೆಂದು ತಿರುಗಿ ನೋಡುವಷ್ಟರಲ್ಲಿ ಮುಗಿಯಿತು. ಆದರೂ ಉಳಿದ ಎಂಟು ಜನ ಹೇಗೋ ಆಟವನ್ನು ಎಳೆದು ತಂದಿದ್ದರು. ಏಳನೇ ಇನಿಂಗ್ಸಿನ ಕೊನೆಗೆ ಮೆಂಟೆನೆನ್ಸು ಒಂದೇ ರನ್ನು ಹಿಂದೆ. ಇಬ್ಬರು ಔಟಾಗಿದ್ದರು. ಮೂರನೇ ಬೇಸಿನಲ್ಲಿ ರೊಡೆಲ್ ಓಡಲು ಸಿದ್ಧನಾಗಿ ನಿಂತಿದ್ದ. ಸರದಿ ನೋಣಯನದ್ದು. ಹೊಡೆದು ಅವನು ಮೊದಲನೇ ಬೇಸು ಮುಟ್ಟಿದರೆ ರೊಡೆಲ್‌ನ ರನ್ನು ಸೇರಿ ಆಟ ಸಮ. ಮುಟ್ಟುವ ಮೊದಲು ಚೆಂಡು ಅಲ್ಲಿಗೆ ತಲುಪಿದರೆ ಆಟವೂ ಹೋಯಿತು, ಕೀಯೂ ಹೋಯಿತು.

ಮೊದಲ ಚೆಂಡು ಹೋಯಿತು. ಎರಡನೆಯದೂ ಹೋಯಿತು. ಮೂರನೆಯದನ್ನು ಎದುರಾಳಿ ಸ್ವಲ್ಪ ಅಸಡ್ಡೆಯಿಂದಲೇ ಎಸೆದ. ಆಗ ನೋಣಯನ ಮೈಯಲ್ಲಿ ಇಪ್ಪತ್ತು ವರ್ಷದ ಹಿಂದಿನ, ಕೊಯ್ಲಾದ ಗದ್ದೆಯಲ್ಲಿ ಆಡುತ್ತಿದ್ದ ಅಂಡರ್‌ಆರ್ಮ್ ಕ್ರಿಕೆಟ್ಟಿನ ರಕ್ತ ಎಚ್ಚರಗೊಂಡಿತು. ಮೊಣಕಾಲೂರಿ ಗುಡಿಸಿದ. ಟಣ್ ಎಂದಿತು. ಚೆಂಡು ಇಬ್ಬರ ನಡುವೆ ನುಸುಳಿ ಮರಳ ಮೇಲೆ ಹಾರಿಹೋಯಿತು.

"ಬ್ಯಾಟು ಬಿಸಾಡಿ. ಇವರೇ, ಬ್ಯಾಟು ಬಿಸಾಡಿ," ಎಂದು ನಳಿನಾಕ್ಷಿ ಕುರ್ಚಿಯ ಮೇಲೆ ಹತ್ತಿ ಕೂಗಿದಳು.

ನೋಣಯನಿಗೆ ಕೇಳಿಸಿತು. ಆದರೆ ಮದುವೆಯಾದಂದಿನಿಂದ ಈ ಹೆಂಡತಿ ಅವನ ಹಳೆಯ ಚಪ್ಪಲಿ, ಟಿವಿಯ ಖಾಲಿ ಡಬ್ಬ, ಕಿವಿ ಮುರಿದ ಮಗ್ಗು ಎಲ್ಲವನ್ನೂ ಬಿಸಾಡಿ ಎನ್ನುತ್ತಲೇ ಬಂದಿದ್ದಳು. ಅವನು ಒಂದನ್ನೂ ಬಿಸಾಡದೆ ಬಂದಿದ್ದ. ಅಭ್ಯಾಸಬಲದಿಂದ ಕೈ ಬ್ಯಾಟನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿತು. ಹಿಡಿದೇ ಓಡಿದ. ಬೇಸಿಗೆ ಎರಡು ಮಾರು ಇರುವಾಗ ಸೊಂಟ ಬಗ್ಗಿಸಿ, ತೋಳು ಚಾಚಿ, ಬ್ಯಾಟಿನ ತುದಿಯನ್ನು ಬೇಸಿಗೆ ಸೋಕಿಸಿ, ಅದೇ ಉಸಿರಿನಲ್ಲಿ ಗಿರಕ್ಕನೆ ತಿರುಗಿ ಹೊರಟಲ್ಲಿಗೇ ವಾಪಸು ಓಡಿದ.

"ಎರಡುಂಟು, ಎರಡುಂಟು, ಬಾ," ಎಂದು ರೊಡೆಲ್‌ನನ್ನು ಕರೆದ.

ರೊಡೆಲ್ ಆಗತಾನೆ ಓಟ ಮುಗಿಸಿ ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದ. ಎದುರಿನಿಂದ ಬರುತ್ತಿರುವ ನೋಣಯನನ್ನು ಕಂಡು ಮುಖ ಇಳಿಯಿತು. ಕೈ ಇಳಿಸಲು ಮರೆತ. ಅತ್ತ ಮೊದಲನೇ ಬೇಸಿನ ಬಳಿ ಚೆಂಡು ಹಿಡಿದು ನಿಂತಿದ್ದ ಡ್ರಿಲ್ಲಿಂಗಿನವನು ತಬ್ಬಿಬ್ಬಾದ. ಇಂಥ ಆಟಗಾರನನ್ನು ಏನು ಮಾಡಬೇಕೆಂದು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಸ್ವಲ್ಪ ಯೋಚಿಸಿ, ಅರ್ಜಿಗೆ ಸೀಲು ಒತ್ತುವವನಂತೆ ಬೇಸಿನ ಮೇಲೆ ನಿಧಾನವಾಗಿ ಕಾಲಿಟ್ಟ. ಜಪಾನಿ ಅಂಪೈರು ಟೋಪಿ ತೆಗೆದು ತಲೆ ಕೆರೆದು, ಟೋಪಿ ಹಾಕಿಕೊಂಡು, ಮುಷ್ಟಿ ಎತ್ತಿದ.

ಔಟು. ಬ್ಯಾಟು ಮುಟ್ಟಿದ್ದು ಲೆಕ್ಕಕ್ಕಿಲ್ಲ, ರೊಡೆಲ್‌ನ ರನ್ನೂ ಇಲ್ಲ. ಸೆಮಿಫೈನಲ್ ಮುಗಿಯಿತು. ನೋಣಯ ಮಾತ್ರ ಹೊರಟ ಜಾಗದಲ್ಲಿ ಬ್ಯಾಟೂರಿ, ತನ್ನ ಲೆಕ್ಕದಲ್ಲಿ ಎರಡು ರನ್ನು ಗಳಿಸಿ, ಚಪ್ಪಾಳೆಗಾಗಿ ಕಾದು ನಿಂತಿದ್ದ.

"ನಾವು ಸೋಲ್ಲಿಕ್ಕೆ ಹದಿನಾಲ್ಕು ಕಾರಣ ಎಣಿಸಿಟ್ಟಿದ್ದೆ," ಎಂದ ಕುಂಞಿ ಚಪ್ಪಲಿ ಮೆಟ್ಟುತ್ತ. "ಇದು ಅದರಲ್ಲಿ ಇರಲಿಲ್ಲ ಮಾರಾಯ."

ರೊಡೆಲ್ ಬಂದು ಅವನ ಹೆಗಲ ಮೇಲೆ ಕೈ ಹಾಕಿದ. "ಹಿಟ್ ವೆರಿ ಗುಡ್, ಬ್ರದರ್. ಬಟ್ ಬೇಸ್‌ಬಾಲ್, ಎಕ್ಸಿಟ್ ಓನ್ಲಿ. ನೋ ರೀ-ಎಂಟ್ರಿ," ಎಂದ ಗಲ್ಫಿನ ವೀಸಾದ ಭಾಷೆಯಲ್ಲಿ.

ಕಾರಿನ ಬಳಿ ನಳಿನಾಕ್ಷಿ ಅಂಗೈ ಚಾಚಿದಳು.

"ನೋಡು," ಎಂದು ನೋಣಯ ಶುರುಮಾಡಿದ. "ಕರಾರಿನಲ್ಲಿ ಇದ್ದದ್ದು ತಂಡ ಸೋತರೆ ಅಂತ. ಈಗ ಸೋತದ್ದು ತಂಡ ಅಲ್ಲ, ನಾನು. ಸ್ಕೋರರ್ ಸೋತರೆ ಎಂಬ ಮಾತೇ ಬರಲಿಲ್ಲ. ಬೇಕಾದ್ರೆ ಕುಂಞಿಯನ್ನೇ ಕೇಳು."

ಅವಳು ಪುಸ್ತಕ ಬಿಡಿಸಿ ಹಿಡಿದಳು. ತಂಡದ ಹೆಸರಿನ ಕೆಳಗೆ ಅಂದವಾದ ಅಕ್ಷರಗಳಲ್ಲಿ ಒಂಬತ್ತು ಹೆಸರು. ಒಂಬತ್ತನೆಯದು ಅವನದ್ದು. ಮೂರು ಔಟುಗಳೂ ಸರಿಯಾದ ಚೌಕದೊಳಗೆ.

"ಸಾಕ್ಷಿ ಏನು ಹೇಳ್ತಾನೆ?" ಎಂದು ನೋಣಯ ಆಸೆಯಿಂದ ನೋಡಿದ.

"ಸಾಕ್ಷಿಗೆ ಜುಮಾಕ್ಕೆ ತಡ ಆಗ್ತಾ ಉಂಟು. ಕೀ ಕೊಡು," ಎಂದ ಕುಂಞಿ.

ಕೊಟ್ಟ. ಕೊಡುವಾಗ ಅವನಿಗೊಂದು ಅನುಮಾನ ಬಂತು. "ಅಲ್ಲ ನಳಿನಿ, ನಾನು ಔಟಾದರೆ ನಿನಗೇ ಲಾಭ. ನೀನು ಸುಮ್ಮನೆ ಕೂತ್ಕೊಳ್ಳುವುದು ಬಿಟ್ಟು ಕುರ್ಚಿ ಹತ್ತಿ ಯಾಕೆ ಕೂಗಿದ್ದು?"

ನಳಿನಾಕ್ಷಿ ಸೀಟನ್ನು ಮುಂದಕ್ಕೆಳೆದು ಕನ್ನಡಿ ಸರಿಮಾಡಿಕೊಂಡಳು. "ಎಷ್ಟು ಚೆಂದ ಹೊಡೆದ್ರಿ," ಎಂದಳು, ಅವನತ್ತ ನೋಡದೆ. "ಕೀ ವಿಷಯ ಮರೆತೇ ಹೋಯ್ತು."

ಕುಂಞಿ ಹಿಂದಿನ ಸೀಟಿಗೆ ಹತ್ತಿದ. ನೋಣಯ ಪಕ್ಕದಲ್ಲಿ ಕೂತು ಬೆಲ್ಟು ಹಾಕಿಕೊಂಡ. ಮೊದಲ ವೃತ್ತ ದಾಟುವಷ್ಟರಲ್ಲಿ ಬರುವ ವರ್ಷದ ಪ್ಲೇಆಫಿನಲ್ಲಿ ತಂಡಕ್ಕಿರುವ ಅವಕಾಶಗಳ ಬಗ್ಗೆ ಹಿಂದಿನ ಸೀಟೂ ಪಕ್ಕದ ಸೀಟೂ ವಾದಕ್ಕಿಳಿದವು. ವಾದದ ಭರದಲ್ಲಿ ನೋಣಯ ಒಂದೇ ಒಂದು ಸಲವೂ ಬ್ರೇಕು ತುಳಿಯಲಿಲ್ಲ. ಮಸೀದಿಯ ಎದುರು ಕುಂಞಿಯನ್ನು ಹೊತ್ತಿಗೆ ಸರಿಯಾಗಿ ಇಳಿಸಿ, ಕ್ವಾರ್ಟರ್ಸಿಗೆ ಬಂದು, ಎರಡು ಪಿಕಪ್ಪುಗಳ ನಡುವಿನ ಇಕ್ಕಟ್ಟಿಗೆ ಕಾರನ್ನು ಒಂದೇ ಸಲಕ್ಕೆ ಹಿಮ್ಮುಖವಾಗಿ ತಂದು ನಿಲ್ಲಿಸಿದಳು ನಳಿನಾಕ್ಷಿ. ನೋಣಯ ಆ ಜಾಗಕ್ಕೆ ಐದು ಸಲ ಹಿಂದೆ ಮುಂದೆ ಮಾಡಬೇಕಾಗುತ್ತಿತ್ತು.

ಇಳಿದವನು ರೂಢಿಯಂತೆ ಕೀಗಾಗಿ ಕೈ ಚಾಚಿದ. ಅವಳು ಅದನ್ನು ತನ್ನ ಪರ್ಸಿನೊಳಗೆ ಹಾಕಿ ಜಿಪ್ ಎಳೆದಳು.

"ಊಟ ಆದ ಮೇಲೆ ನನಗೆ ಹೋಗ್ಲಿಕ್ಕುಂಟು."

"ಎಲ್ಲಿಗೆ?"

"ಎಲ್ಲಿಗೆ ಅಂತ ಇನ್ನೂ ಯೋಚನೆ ಮಾಡ್ಲಿಲ್ಲ." ಅವಳು ಮೆಟ್ಟಿಲು ಹತ್ತಿ, ನಿಂತು ತಿರುಗಿದಳು. "ಬೇಕಾದ್ರೆ ನೀವೂ ಬನ್ನಿ. ಆದ್ರೆ ಹಿಂದಿನ ಸೀಟಿನಲ್ಲಿ ಕೂತ್ಕೊಳ್ಳಿ. ಮುಂದೆ ನಮ್ಮ ಕ್ಲಿನಿಕ್ಕಿನ ಫಖ್ರುನ್ನಿಸಾ ಬರ್ತಾಳೆ, ಅವಳಿಗೂ ಮೊನ್ನೆ ಲೈಸೆನ್ಸ್ ಆಯ್ತು. ಬರುವಾಗ ಅವಳೇ ಓಡಿಸುವುದು."