ಐದು ಮನೆಯ ಜೋಳಿಗೆ

ದೇವರಿಗೆ ಮನಸ್ಸಿನಲ್ಲೇ ಕೃತಜ್ಞತೆ ಹೇಳಿಕೊಳ್ಳುವುದು ಸುಲಭ. ಕಣ್ಣು ಮುಚ್ಚಿ ಕೈಮುಗಿದರೆ ಮುಗಿಯಿತು, ಪಕ್ಕದ ಮನೆಯವರಿಗೂ ಗೊತ್ತಾಗುವುದಿಲ್ಲ. ಅವನ ಉಪಕಾರವನ್ನು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳುವುದಿದೆಯಲ್ಲ, ಅದು ನನ್ನಂಥ ಸಂಕೋಚದ ಪ್ರಾಣಿಗೆ ಬಲು ಕಷ್ಟ. ತೊಂಬತ್ತರ ದಶಕದ ಕೊನೆಯಲ್ಲಿ ಹಗರಿಬೊಮ್ಮನಹಳ್ಳಿಯಲ್ಲಿ ಗುಮಾಸ್ತನಾಗಿದ್ದಾಗ, ಮೂತ್ರಪಿಂಡದಲ್ಲಿ ಕಲ್ಲು ಸೇರಿಕೊಂಡು ನೆಲದ ಮೇಲೆ ಹೊರಳಾಡುತ್ತಿದ್ದೆ. ಹೆಂಡತಿ ಮೈಲಾರಲಿಂಗನಿಗೆ ಹರಕೆ ಹೊತ್ತಳು. ಗುಣವಾದರೆ ಗಂಡ ಐದು ಮನೆ ಭಿಕ್ಷೆ ಬೇಡುತ್ತಾನೆ, ದೇವರು ಮಾಡಿದ್ದನ್ನು ಮನೆಮನೆಯಲ್ಲೂ ಹೇಳುತ್ತಾನೆ ಎಂದು. ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಆ ಹೊತ್ತಿನಲ್ಲಿ ಐವತ್ತು ಮನೆಗೂ ಒಪ್ಪಿರುತ್ತಿದ್ದೆ.

ಕಲ್ಲು ಹೋಯಿತು. ತೆಗೆದವರು ಹೊಸಪೇಟೆಯ ಡಾಕ್ಟರು; ಅವರ ಹತ್ತಿರ ಕಳಿಸಿದವನು ಮೈಲಾರಲಿಂಗ ಎಂಬುದು ಹೆಂಡತಿಯ ತೀರ್ಮಾನ. ಒಂದು ಭಾನುವಾರ ಬೆಳಿಗ್ಗೆ ಹೆಗಲಿಗೆ ಜೋಳಿಗೆ ಹಾಕಿ, ಹಣೆ ತುಂಬ ಭಂಡಾರ, ಅಂದರೆ ದೇವರ ಅರಿಸಿನದ ಪುಡಿ, ಬಳಿದು, ಸೊಂಟಕ್ಕೊಂದು ಭಂಡಾರದ ಚೀಲ ಸಿಕ್ಕಿಸಿ ನನ್ನನ್ನು ಹೊರಡಿಸಿದಳು. ಕಚೇರಿಗೆ ಬರುವ ಅರ್ಜಿದಾರರು ಯಾರಾದರೂ ಕಂಡಾರೆಂದು ತಲೆ ತಗ್ಗಿಸಿ ನಡೆದೆ. ಮೊದಲ ಮನೆಯಲ್ಲಿ "ಆರಾಮಾತು, ದೇವರು ದೊಡ್ಡಾವ" ಎಂದಷ್ಟೇ ಹೇಳಿ, ಒಂದು ಹಿಡಿ ಜೋಳ ಹಾಕಿಸಿಕೊಂಡು ಓಡಿದೆ. ಎರಡನೆಯ ಮನೆಯವರು ಕೂರಿಸಿ ಚಹಾ ಕೊಟ್ಟು ವಿಚಾರಿಸಿದರು. ಕೇಳುವವರು ಸಿಕ್ಕರೆ ಸಂಕೋಚ ಎಲ್ಲಿ ಹೋಗುತ್ತದೋ ಕಾಣೆ. ಮೂರನೆಯ ಮನೆಗೆ ಬರುವಷ್ಟರಲ್ಲಿ ಸಾಸಿವೆಯಷ್ಟಿದ್ದ ಕಲ್ಲು ಹುಣಸೆ ಬೀಜದಷ್ಟಾಗಿತ್ತು. ನಾಲ್ಕನೆಯದರಲ್ಲಿ ಡಾಕ್ಟರನ್ನು ಪೂರ್ತಿ ಕೈಬಿಟ್ಟೆ. ದೇವರ ಮಹಿಮೆಯ ನಡುವೆ ಅವರೇಕೆ ಎನಿಸಿತು. ನೀರಿನಲ್ಲಿ ಭಂಡಾರ ಕಲಸಿ ಕುಡಿದೆ, ಕಲ್ಲು ಕರಗಿತು ಎಂದೆ. ಹೆಂಗಸರು ಗಲ್ಲ ಬಡಿದುಕೊಂಡರು. ನನಗೂ ಬಹಳ ಸಂತೋಷವಾಯಿತು.

ಐದನೆಯದು ತರಕಾರಿ ಮಾರುವ ಗಂಗಮ್ಮನ ಮನೆ. ಅಲ್ಲೂ ಅದೇ ಕಥೆ ಹೇಳಿ ಮುಗಿಸುವಷ್ಟರಲ್ಲಿ ಒಳಗಿನಿಂದ ಯಾರೋ ನರಳಿದರು.

"ನಮ್ಮ ಮನಿಯವ್ರು ರೀ. ಇದ ಕಲ್ಲಿನ ಬ್ಯಾನಿ, ಮೂರು ದಿನಾತು," ಎಂದಳು ಗಂಗಮ್ಮ. "ಹೊಸಪ್ಯಾಟಿಗೆ ಒಯ್ಯಾಕ ಜೀಪಿಗೆ ಹೇಳಿ ಬಂದಿದ್ದೆ. ನಿಮ್ಮ ಮಾತು ಕೇಳಿ ಧೈರ್ಯ ಬಂತು ನೋಡ್ರಿ. ಜೀಪು ಬ್ಯಾಡಂತೀನಿ, ಒಂದು ಚಿಟಿಗಿ ಭಂಡಾರ ಕೊಡ್ರಿ."

ಅವಳು ಸೆರಗೊಡ್ಡಿ ನಿಂತಳು. ನನ್ನ ಕೈ ಚೀಲದೊಳಗೇ ಉಳಿಯಿತು. ನಿಜವಾಗಿ ಹೆದರಿಕೆಯಾಯಿತು.

"ಗಂಗಮ್ಮ, ನಾನು ಅರ್ಧ ಹೇಳೀನಿ. ಕಲ್ಲು ತಗದಾವ್ರು ಹೊಸಪ್ಯಾಟಿ ಡಾಕ್ಟ್ರು. ಭಂಡಾರ ಹಚ್ಚಿಕೊಂಡು ಹೋಗಿದ್ದೆ, ಅದಷ್ಟು ಖರೇ."

"ಮೊದ್ಲ ಹೇಳಬಾರದೇನ್ರಿ?" ಎಂದಳು. ದನಿಯಲ್ಲಿ ಸಿಟ್ಟಿತ್ತು, ಇರಬೇಕಾದದ್ದೇ.

ಜೀಪು ಬಂತು. ಅವಳ ಗಂಡ ಹಾಲಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸಪೇಟೆಯವರೆಗೂ ನಾನೇ ಹೋದೆ; ಜೋಳಿಗೆ ಇಳಿಸಲೂ ನೆನಪಾಗಲಿಲ್ಲ. ಮರುದಿನ ನಾಲ್ಕನೆಯ ಮನೆಗೆ ಹೋಗಿ ಕಥೆ ತಿದ್ದಿ ಬಂದೆ. ಅವರಿಗೆ ಹೊಸ ಕಥೆ ಅಷ್ಟಾಗಿ ರುಚಿಸಲಿಲ್ಲ.

ಎರಡು ತಿಂಗಳ ಮೇಲೆ ಹಾಲಪ್ಪ ಗಟ್ಟಿಮುಟ್ಟಾಗಿ, ತನ್ನ ಹರಕೆ ತೀರಿಸಲು ನಮ್ಮ ಬಾಗಿಲಿಗೇ ಬಂದ. ಹೆಂಡತಿ ಮೊರದಲ್ಲಿ ಜೋಳ ತಂದಳು. ಅವನ ಕಥೆಯಲ್ಲಿ ಡಾಕ್ಟರು ಬಂದರು, ಜೀಪಿನ ಡ್ರೈವರ್ ಬಂದ. ನನ್ನ ಸರದಿ ಎಲ್ಲಿ ಬರುತ್ತದೆಂದು ಕಾದೂ ಕಾದೂ ಕೊನೆಗೆ ಬಾಯಿಬಿಟ್ಟು ಕೇಳಿದೆ: "ಮತ್ತ ಜೀಪಿನ್ಯಾಗ ಜತಿಗೆ ಯಾರಿದ್ರಪ್ಪ?"

ಹಾಲಪ್ಪನ ಕಣ್ಣು ತುಂಬಿತು. "ಸ್ವತಃ ಮೈಲಾರಪ್ಪನ ಬಂದಿದ್ದ ರೀ. ಹೆಗಲಿಗೆ ಜೋಳಗಿ, ಹಣಿ ತುಂಬ ಭಂಡಾರ. ಈ ಕಣ್ಣಿಲೆ ನೋಡೀನಿ. ನಮ್ಮಾಕಿ ನಿಮ್ಮ ಹೆಸರು ಹೇಳ್ತಾಳ. ನಾ ನಂಬಂಗಿಲ್ಲ ಬಿಡ್ರಿ."

ಹೆಂಡತಿ ಮೊರ ಕೆಳಗಿಟ್ಟು, ಮೈಲಾರದ ದಿಕ್ಕಿಗೆ ತಿರುಗಿ ಭಕ್ತಿಯಿಂದ ಕೈಮುಗಿದಳು. ನಾನು ಅಡ್ಡ ನಿಂತಿದ್ದೆನಂತೆ, "ಒಂಚೂರು ಸರೀರಿ" ಎಂದಳು.