ಬುಧವಾರದ ಬಿಳಿ ಚೌಕ

ಆ ಬುಧವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷದವರೆಗೆ ನಮ್ಮ ಮಾಮುವಿಗೆ ಭಯವೆಂದರೇನೆಂದೇ ಗೊತ್ತಿರಲಿಲ್ಲ. ಬೇರೆಯವರನ್ನು ಭಯಪಡಿಸುವುದರಲ್ಲೇ ಅವರಿಗೆ ಪುರುಸೊತ್ತಿರಲಿಲ್ಲವಲ್ಲ!

ಮಾಮು ಎಂದರೆ ನನ್ನ ತಾಯಿಯ ತಮ್ಮ, ಚಳ್ಳಕೆರೆಯಲ್ಲಿ ಬೈಕ್ ಮೆಕ್ಯಾನಿಕ್. ಐವತ್ತರ ಹತ್ತಿರ ಬಂದಾಗ ಮೊಬೈಲಿನಲ್ಲಿ ವಿಡಿಯೊ ನೋಡಿ ವೆಬ್‌ಸೈಟ್ ಮಾಡಲು ಕಲಿತರು. ಮೊದಲು ಮನೆಗೊಂದು ಕ್ಯಾಲೆಂಡರ್ ಮಾಡಿ, ಮಾಮಿ ಸಿಟ್ಟಾದ ದಿನಗಳಿಗೆ ಹಳದಿ ಬಣ್ಣ ಕೊಟ್ಟರು. ಮಾಮಿ ಅದನ್ನು ನೋಡಿದ್ದೇ ತಡ, ಇಡೀ ತಿಂಗಳು ಹಳದಿಯಾಯಿತು!

ಕ್ಯಾಲೆಂಡರನ್ನು ಪೂರ್ತಿ ಅವರೇ ಬರೆದದ್ದಲ್ಲ. ಯಾರೋ ಬರೆದಿಟ್ಟ ಕೋಡ್ ಲೈಬ್ರರಿಯನ್ನು ತಂದು ಕೂರಿಸಿದ್ದರು. ತಿಂಗಳು, ವಾರ, ಚೌಕ ಎಲ್ಲ ಸಿದ್ಧ. ಯಾವ ದಿನದಿಂದ ಯಾವ ದಿನಕ್ಕೆ ಎಂದು ಹೇಳಿದರೆ ತಾನೇ ಬಣ್ಣ ಹಚ್ಚುತ್ತದೆ.

"ಮಾಮು, ಅದರ ಜೊತೆಗಿನ ಸೂಚನೆ ಓದಿದ್ರಾ?" ಎಂದೆ. ಬಿ.ಸಿ.ಎ. ಮುಗಿಸಿದವಳು, ಕೇಳಬೇಕಲ್ಲ.

"ಅರೇ ಬೇಟಿ, ಕಾರ್ಬುರೇಟರ್ ತಂದು ಯಾರಾದ್ರೂ ಪುಸ್ತಕ ಓದ್ತಾರಾ? ಕೂರ್ಸೋದು, ಕಿಕ್ ಹೊಡೆಯೋದು. ಸ್ಟಾರ್ಟ್ ಆಯ್ತಾ? ಮುಗೀತು!"

ಬಿ.ಜಿ. ಕೆರೆಯ ಆಚೆ ಒಂದು ಕಲ್ಲುಕ್ವಾರಿ. ಬಂಡೆ ಸಿಡಿಸುವ ದಿನಗಳು ಕುರಿಗಾಹಿಗಳಿಗೆ ಮೊಬೈಲಿನಲ್ಲೇ ಕಾಣಬೇಕೆಂದು ಕ್ವಾರಿಯವರು ಮಾಮುವಿಗೆ ಕೆಲಸ ಕೊಟ್ಟರು. ಅಕ್ಷರ ಬೇಡ, ಬಣ್ಣ ಸಾಕು: ಕೆಂಪಿದ್ದರೆ ಗುಡ್ಡಕ್ಕೆ ಬರಬಾರದು, ಬಿಳಿಯಿದ್ದರೆ ಬರಬಹುದು. ಸಿಡಿಸುವ ಮೂರು ದಿನಗಳಿಗೆ ಮಾಮು ಶುರು ಸೋಮವಾರ, ಕೊನೆ ಬುಧವಾರ ಎಂದು ತುಂಬಿದರು. ಸೋಮವಾರ ಕೆಂಪಾಯಿತು. ಮೊದಲ ಕಿಕ್ಕಿಗೇ ಸ್ಟಾರ್ಟ್! ಮುಂದಿನ ಚೌಕಗಳನ್ನು ಅವರು ನೋಡಲೇ ಇಲ್ಲ. ನಾನು ನೋಡಿದೆನೇ? ಚಹಾ ಹೀರುತ್ತಾ "ಸೂಪರ್ ಮಾಮು" ಎಂದೆ. ಓದಿದವಳು!

ಆ ಬುಧವಾರ ನೆಂಟರ ಮದುವೆಗೆ ಸೀರೆ ತರಲು ನಾವಿಬ್ಬರೂ ಬೈಕಿನಲ್ಲಿ ಮೊಳಕಾಲ್ಮುರಿಗೆ ಹೊರಟಿದ್ದೆವು. ಬಿ.ಜಿ. ಕೆರೆ ದಾಟಿದಾಗ ಕ್ವಾರಿಯ ಸೈರನ್ ಕೂಗಿತು. ಗುಡ್ಡದ ಬುಡದಲ್ಲಿ ಕುರಿಗಳು, ನಡುವೆ ಓಬಣ್ಣ. ಇಪ್ಪತ್ತು ವರ್ಷದಿಂದ ಮಾಮುವಿನ ಹತ್ತಿರ ಮೊಪೆಡ್ ರಿಪೇರಿ ಮಾಡಿಸುವ ಕುರಿಗಾಹಿ. ನಾನು ಫೋನು ತೆರೆದೆ. ಸೋಮವಾರ ಕೆಂಪು. ಮಂಗಳವಾರ ಕೆಂಪು. ಬುಧವಾರ, ತೊಳೆದಿಟ್ಟ ತಟ್ಟೆಯಂತೆ ಬಿಳಿ.

ಮಾಮು ಬೈಕನ್ನು ಹಾಗೇ ಬೀಳಿಸಿ ಓಡಿದರು. ಮೊಣಕಾಲು ನೋವೆಂದು ಕುರ್ಚಿಯ ಮೇಲೆ ಕೂತು ನಮಾಜು ಮಾಡುವವರು!

"ಲೇ ಓಬಣ್ಣಾ, ಬಂಡೆ ಮರೆಗೆ ಹೋಗಲೇ! ಸೈರನ್ ಕೇಳಲಿಲ್ವಾ?"

"ಅದು ಟೀಗೂ ಕೂಗ್ತೈತೆ ಬಿಡ್ರೀ ಸಾಬ್ರೇ! ಇವತ್ತು ನಿಮ್ ಕ್ಯಾಲೆಂಡರ್‌ನಾಗೆ ಬಿಳಿ ಐತಲ್ರೀ!"

ಮಾಮು ಅವನನ್ನು ಬಂಡೆಯ ಹಿಂದಕ್ಕೆ ಎಳೆದದ್ದಷ್ಟೇ ಕಂಡಿತು. ನೆಲ ನಡುಗಿತು. ಆಮೇಲೆ ಬರೀ ದೂಳು. ಓಬಣ್ಣ ನಿಂತಿದ್ದ ಜಾಗದಲ್ಲಿ ಕುರಿಯಷ್ಟು ದೊಡ್ಡ ಕಲ್ಲು. ಈಗಲೂ ಊಟಕ್ಕೆ ಕೂತಾಗ ಆ ಸದ್ದು ಕೇಳಿದಂತಾಗಿ ಕೈ ತುತ್ತಿನಲ್ಲೇ ನಿಲ್ಲುತ್ತದೆ. ಎಷ್ಟು ಹೊತ್ತಿಗೋ ಹಿಟ್ಟಿನಲ್ಲಿ ಹೊರಳಿದಂಥ ಎರಡು ತಲೆಗಳು ಮೇಲೆದ್ದವು.

"ಸಾಬ್ರೇ," ಓಬಣ್ಣ ಕೆಮ್ಮುತ್ತಾ ಹೇಳಿದ, "ನಿಮ್ ಕ್ಯಾಲೆಂಡರ್‌ಗಿಂತ ನಮ್ ಮೊಪೆಡ್ಡೇ ವಾಸಿ. ಅದು ಕೆಟ್ರೆ ನಿಂತ್ಕೊಂತೈತೆ, ಕೊಲ್ಲಾಕೆ ಬರಲ್ಲ!"

ಅಂದು ಸಂಜೆ ಮಾಮುವಿಗೆ ಸೂಚನೆಯನ್ನು ಓದಿ ಹೇಳಿದೆ. ಎರಡನೆಯ ಪುಟದಲ್ಲೇ ಇತ್ತು: ಕೊನೆಯದೆಂದು ಕೊಟ್ಟ ದಿನವನ್ನು ಈ ಲೈಬ್ರರಿ ಸೇರಿಸುವುದಿಲ್ಲ, ಅದರ ಹಿಂದಿನ ದಿನಕ್ಕೇ ನಿಲ್ಲುತ್ತದೆ. ಬುಧವಾರ ಕೆಂಪಾಗಬೇಕಾದರೆ ಗುರುವಾರ ಎಂದು ಕೊಡಬೇಕು. ಒಂದೇ ಸಾಲು! ಸರಿಪಡಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ನಮ್ಮಿಬ್ಬರ ನಿದ್ದೆ ಮಾತ್ರ ರಿಪೇರಿಯಾಗಲಿಲ್ಲ. ಬಂಡೆ ಸಿಡಿಸುವ ದಿನವೆಲ್ಲ ಮಾಮು ಅಂಗಡಿಗೆ ಬೀಗ ಹಾಕಿ, ಗುಡ್ಡದ ದಾರಿಯಲ್ಲಿ ಕೆಂಪು ಟವೆಲ್ ಹಿಡಿದು ನಿಲ್ಲತೊಡಗಿದರು. ಒಬ್ಬರನ್ನೇ ಕಳಿಸಲು ಹೆದರಿ ನಾನೂ ಹೋಗುತ್ತಿದ್ದೆ.

"ಈಗ ಸರಿಯಾಗಿದೆಯಲ್ಲ ಮಾಮು?"

"ಯಾರು ನಂಬ್ತಾರೆ ಬೇಟಿ? ನಾನೇ ನಂಬಲ್ಲ."

ಮರುತಿಂಗಳು, ಒಂದು ಶನಿವಾರ, ಓಬಣ್ಣ ಕುರಿಯಿಲ್ಲದೆ ಬರಿಗೈಯಲ್ಲಿ ಅಲ್ಲಿಗೆ ಬಂದ.

"ಮನೀಗ್ ಹೋಗ್ರೀ ಸಾಬ್ರೇ. ಬೆಳಿಗ್ಗೆ ಎದ್ದು ನಿಮ್ ಕೆಂಪು ನೋಡ್ದೆ. ಕುರೀನ ನಮ್ಮನೆಯವ್ಳು ಗುಡ್ಡ ಬಿಟ್ಟು ಆ ಕಡೀಗೆ ಹೊಡ್ಕೊಂಡು ಹೋದ್ಳು."

ಮಾಮು ಟವೆಲ್ ಕೆಳಗಿಳಿಸಿದರು. "ಅಷ್ಟಾದ್ಮೇಲೂ ಅದನ್ನೇ ನೋಡ್ತೀಯಾ?"

"ನೋಡ್ದೆ ಇರ್ತೀನೇನ್ರೀ? ತಪ್ಪಾದ್ರೆ ಕಲ್ಲಿಗೆ ಎದುರಾಗಿ ಓಡಿ ಬರೋರು ಮಾಡಿದ್ದಲ್ವೇನ್ರೀ ಅದು?"

ಆ ಶನಿವಾರ ರಾತ್ರಿ ಮಾಮು ಬೆಳಗಿನ ಅಜಾನ್‌ವರೆಗೆ ಒಮ್ಮೆಯೂ ಏಳದೆ ಮಲಗಿದರು. ನಾನು ಅವರಿಗಿಂತ ಇನ್ನೂ ಎರಡು ಗಂಟೆ ಹೆಚ್ಚು ಮಲಗಿದೆ.