ಮೇಲೂ ಕೆಂಡ, ಕೆಳಗೂ ಕೆಂಡ

ಎಲ್ಲದಕ್ಕೂ ಕಾರಣ ಟೀ ಜೊತೆ ಬಂದ ಒಂದು ಮೆತ್ತಗಿನ ಬೇಕರಿ ಬಿಸ್ಕತ್ತು. ಶನಿವಾರ ಸಂಜೆ ಸಾಹೇಬರಾದ ವೆಂಕಟರಾಮಯ್ಯನವರು ಅದನ್ನು ಅರ್ಧ ಕಚ್ಚಿ, ಉಳಿದರ್ಧವನ್ನು ತಟ್ಟೆಗೆ ಹಾಕಿ, "ನಮ್ಮವ್ವ ಕೆಂಡದಲ್ಲಿ ಸುಡ್ತಿದ್ಲು ಕಣ್ರಯ್ಯ. ರಾಗಿ ಹಿಟ್ಟು, ಬೆಲ್ಲ, ಮೆಣಸು, ಶುಂಠಿ... ಅಂಥ ಬಿಸ್ಕತ್ತು ಇನ್ನು ಈ ಜನ್ಮಕ್ಕಿಲ್ಲ" ಎಂದು ನಿಟ್ಟುಸಿರು ಬಿಟ್ಟರು. ಫೈಲು ಹಿಡಿದು ನಿಂತಿದ್ದ ಗುಮಾಸ್ತ ಪ್ರಸನ್ನ ಕುಮಾರನ ತಲೆಯಲ್ಲಿ ದೀಪ ಹೊತ್ತಿಕೊಂಡಿತು.

ಪಾವಗಡದ ಆಫೀಸಿಗೆ ಮಧುಗಿರಿಯಿಂದ ಒಬ್ಬ ಗುಮಾಸ್ತನನ್ನು ಕಳಿಸಬೇಕಿತ್ತು. ಇದ್ದವರು ಇಬ್ಬರೇ, ಪ್ರಸನ್ನ ಮತ್ತು ಭೀಮರಾಜು. ಪ್ರಸನ್ನನ ಹೆಂಡತಿ ರಕ್ಷಾ ನಾಲ್ಕು ವರ್ಷ ಪಾವಗಡದ ಶಾಲೆಯಲ್ಲಿ ಪಾಠ ಮಾಡಿ, ಮಧುಗಿರಿಗೆ ವರ್ಗವಾಗಿ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ನಾಲ್ಕು ವರ್ಷ ಒಬ್ಬನೇ ಬೇಯಿಸಿಕೊಂಡು ತಿಂದವನಿಗೆ, ಈಗ ಅವಳು ಇಲ್ಲಿ ತಾನು ಅಲ್ಲಿ ಎಂದು ನೆನೆದರೇ ಅಳು ಬರುತ್ತಿತ್ತು. ಪಟ್ಟಿಗೆ ಸಾಹೇಬರ ಸಹಿ ಬೀಳುವುದು ಸೋಮವಾರ.

ಭಾನುವಾರ ಬೆಳಗ್ಗೆಯೇ ಅವನು ಲುಂಗಿ ಎತ್ತಿ ಕಟ್ಟಿ, ತಾರಸಿಯ ಮೇಲೆ ಮೂರು ಇಟ್ಟಿಗೆ ಜೋಡಿಸಿ ಒಲೆ ಹೂಡಿದ. ಪಕ್ಕದ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದ ಓಬಳಮ್ಮ ಇಣುಕಿದರು.

"ಗ್ಯಾಸ್ ಮುಗ್ದೋಯ್ತೇನ್ಲಾ?"

"ಇಲ್ಲ ಓಬಳಮ್ನೋರೆ, ಬಿಸ್ಕತ್ತು ಸುಡ್ತಿದೀನಿ!"

"ಇಂಗೆ ಸುಟ್ರೆ ರೊಟ್ಟಿ ಆಯ್ತದೆ ಕಣ್ಲಾ. ಕೆಳಗೂ ಕೆಂಡ, ಮ್ಯಾಲೂ ಕೆಂಡ ಇರ್ಬೇಕು. ಇರು, ಬಂದೆ."

ಬಂದೇಬಿಟ್ಟರು, ಕೈಯಲ್ಲಿ ಕಬ್ಬಿಣದ ಬಾಣಲೆ, ಕಂಕುಳಲ್ಲಿ ಒಂದು ಪುಟ್ಟಿ ಕಡಲೆಕಾಯಿ ಸಿಪ್ಪೆ. ಬಿಸ್ಕತ್ತು ಬಾಣಲೆಯಲ್ಲಿ ಕೂತಿತು, ಮೇಲೆ ತಟ್ಟೆ ಮುಚ್ಚಿ ಸಿಪ್ಪೆ ಸುರಿದು ಕೊಳ್ಳಿ ಇಟ್ಟದ್ದಾಯಿತು. ಹೊಗೆ ಎದ್ದ ರಭಸಕ್ಕೆ ಎದುರಿಗಿದ್ದ ಮಧುಗಿರಿ ಬೆಟ್ಟವೇ ಮಾಯವಾಯಿತು.

ಆಗಲೇ ಕೆಳಮನೆಯ ದೊಡ್ಡರಂಗಯ್ಯ, ನಿವೃತ್ತ ಬಸ್ ಕಂಡಕ್ಟರು, "ಬೆಂಕಿ! ಬೆಂಕಿ!" ಎಂದು ಎರಡು ಕೊಡ ನೀರು ಹೊತ್ತು ಮೆಟ್ಟಿಲೇರಿದರು. ಯಾರಾದರೂ ತಡೆಯುವಷ್ಟರಲ್ಲಿ ಒಂದು ಕೊಡ ಒಲೆಯ ಮೇಲೆ ಬಿತ್ತು. ಬಿಸ್ಕತ್ತು ಗಂಜಿಯಾಯಿತು.

ಪ್ರಸನ್ನ ತಲೆಯ ಮೇಲೆ ಕೈ ಹೊತ್ತು ಕೂತ. ದೊಡ್ಡರಂಗಯ್ಯನವರಿಗೆ ನಾಚಿಕೆಯಾಗಿ, ಎರಡನೇ ಸಲದ ಹಿಟ್ಟನ್ನು ತಾವೇ ಕಲಸಲು ಕೂತರು. "ಮೆಣಸು ಸಾಲ್ದು ಕಣಪ್ಪ. ಹಾಕು. ಇನ್ನೊಂದು ಹಿಡಿ. ಹೋಲ್ಡಾನ್... ರೈಟ್, ರೈಟ್!"

ಈ ಸಲ ಬೆಲ್ಲ, ಶುಂಠಿಯ ಘಮ ಎದ್ದಾಗ ಮೂವರೂ ಮಕ್ಕಳಂತೆ ಕುಣಿದರು. ಮೂವತ್ತು ಬಿಸ್ಕತ್ತು ಇಳಿದವು. ಓಬಳಮ್ಮ ಉಪ್ಪು ನೋಡಿದರು, ದೊಡ್ಡರಂಗಯ್ಯ ಖಾರ ನೋಡಿದರು, ಆಮೇಲೆ ಇಬ್ಬರೂ ಸೇರಿ ಹದ ನೋಡಿದರು. ಉಳಿದದ್ದು ಹನ್ನೊಂದು. ರಕ್ಷಾ ಬಂದು ಒಂದನ್ನು ಕಚ್ಚಿ, ದವಡೆ ಹಿಡಿದುಕೊಂಡಳು.

"ರೀ, ಇದು ಬೆಟ್ಟದಿಂದ ಕಿತ್ತು ತಂದಂಗಿದೆ. ಖಾರಕ್ಕೆ ಕಿವೀಲಿ ಹೊಗೆ ಬರ್ತಿದೆ. ಸಾಹೇಬ್ರು ನಿಮ್ಮನ್ನ ಪಾವಗಡಕ್ಕಲ್ಲ, ಅಂಡಮಾನ್‌ಗೇ ಕಳಿಸ್ತಾರೆ."

ಇನ್ನೊಂದು ಸಲ ಮಾಡಲು ಹಿಟ್ಟೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಅಂದು ಸಂಜೆಯೇ ದೇವರ ಮೇಲೆ ಭಾರ ಹಾಕಿ ಪ್ರಸನ್ನ ಡಬ್ಬಿಯೊಂದಿಗೆ ಸಾಹೇಬರ ಮನೆ ಬಾಗಿಲು ತಟ್ಟಿದ.

ಸಾಹೇಬರು ಒಂದನ್ನು ಕಚ್ಚಿದರು. ಕಟಕ್ ಎಂಬ ಸದ್ದಾಯಿತು. ಮುಖ ಕೆಂಪಾಯಿತು, ಕಣ್ಣಲ್ಲಿ ದಳದಳ ನೀರು ಸುರಿಯಿತು. ಪ್ರಸನ್ನ ನೀರಿನ ಲೋಟಕ್ಕೆ ತಡಕಾಡಿದ.

"ಅಯ್ಯೋ ನಮ್ಮವ್ವಾ!" ಸಾಹೇಬರು ಎದ್ದು ಅವನನ್ನು ತಬ್ಬಿಕೊಂಡರು. "ಅದೇ ಕಲ್ಲು! ಅದೇ ಖಾರ! ನಲವತ್ತು ವರ್ಷ ಆಗಿತ್ತು ಕಣಯ್ಯ!"

ಪ್ರಸನ್ನನಿಗೆ ಸ್ವರ್ಗಕ್ಕೆ ಮೂರೇ ಗೇಣು. ಧೈರ್ಯ ಮಾಡಿ ಕೇಳಿಯೇಬಿಟ್ಟ. "ಸಾರ್, ಆ ಪಾವಗಡದ ಪಟ್ಟಿ..."

"ಅದಾ? ನಿಮ್ಮನೆಯೋರು ಈಗ್ತಾನೆ ಬಂದವ್ರೆ, ಪಾಪ ಅಂತ ನೆನ್ನೇನೇ ಭೀಮರಾಜು ಹೆಸ್ರು ಬರ್ದ್‌ಬುಟ್ಟಿದ್ದೆ."

ಪ್ರಸನ್ನ ಕಾಲಿಗೆ ಬೀಳಲು ಬಗ್ಗಿದ. ಬಗ್ಗಿದವನ ತಲೆಯ ಮೇಲಿಂದಲೇ ಸಾಹೇಬರ ಕೈ ಮೇಜಿನತ್ತ ಹೋಗಿ ಪಟ್ಟಿಯನ್ನು ಎಳೆದುಕೊಂಡಿತು. ಅವರು ಕನ್ನಡಕ ಏರಿಸಿ, ಭೀಮರಾಜುವಿನ ಹೆಸರಿನ ಮೇಲೆ ಗೀಟು ಹಾಕಿದರು.

"ಇವತ್ತು ಬೆಳಗ್ಗೆ ನಂಗೂ ಫೋನಲ್ಲಿ ಆರ್ಡರ್ ಬಂತು ಕಣಯ್ಯ, ಪಾವಗಡಕ್ಕೇ! ಆ ಊರಲ್ಲಿ ಒಬ್ನೇ ಹೆಂಗಪ್ಪ ಇರೋದು ಅಂತ ಕೂತಿದ್ದೆ, ದೇವ್ರಂಗೆ ಬಂದೆ. ಇಬ್ರಿಗೂ ಒಂದೇ ರೂಮು ಸಾಕು. ರಾಗಿ ಹಿಟ್ಟು ನಾನು ತತ್ತೀನಿ, ಒಲೆ ನೀನು ಹಚ್ಚು."

ಪ್ರಸನ್ನ ಬಾಯಿ ತೆರೆದ. ಮಾತು ಹೊರಡುವ ಮೊದಲೇ ಸಾಹೇಬರು ಪ್ರೀತಿಯಿಂದ ಅದರೊಳಗೆ ಒಂದು ಬಿಸ್ಕತ್ತು ಇಟ್ಟರು.